ಅಲ್ಜೀರಿಯಾದ ಸಹಾರಾ ಟೂರ್, ನಾವಿಬ್ರೇ ಹೋಗಿದ್ದು: ಜಾನೆಟ್ ಏಜೆನ್ಸಿ ಬಗ್ಗೆ ಫುಲ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಅಲ್ಜೀರಿಯಾದಲ್ಲಿ ಟೂರ್ ಚೆನ್ನಾಗಾಗೋದು, ಕೆಡೋದು ಎರಡೂ ಗೈಡ್ ಕೈಯಲ್ಲೇ ಇರೋದು. ಹೋಟೆಲ್ಲಿಗೆ ಎಷ್ಟು ಸ್ಟಾರು, ಗಾಡಿ ಯಾವ ಮಾಡೆಲ್ಲು, ಇದೆಲ್ಲಾ ಆಮೇಲಿನ ಮಾತು. ನಾನು, ನಮ್ಮನೆಯವ್ರು ಇಬ್ರೇ ಹೋಗಿದ್ದು, ಗ್ರೂಪ್ ಟೂರ್ ಅಲ್ಲ. ದಕ್ಷಿಣದ ಜಾನೆಟ್ ಅನ್ನೋ ಊರಿನ ಒಂದು ಸಣ್ಣ ಏಜೆನ್ಸಿ, ಅಲ್ಲಿನ ತುವಾರೆಗ್ ಬುಡಕಟ್ಟಿನ ಜನಾನೇ ನಡೆಸೋದು, ವೀಸಾ ಪೇಪರಿಂದ ಹಿಡಿದು ಕೊನೇ ದಿನ ಏರ್‌ಪೋರ್ಟಿಗೆ ಬಿಡೋವರ್ಗೂ ಅವ್ರೇ ನೋಡ್ಕೊಂಡ್ರು. ಟೂರಲ್ಲಿ ಎರಡು ಭಾಗ ಇತ್ತು, ಒಂದು ಉತ್ತರದ ಅಲ್ಜಿಯರ್ಸ್ ಮತ್ತೆ ಘರ್ದಾಯಾ, ಇನ್ನೊಂದು ದಕ್ಷಿಣದ ಮರುಭೂಮಿ. ಮರುಭೂಮಿ ಭಾಗಕ್ಕೆ ಐದಕ್ಕೆ ಐದು ಕೊಡ್ತೀನಿ, ಯೋಚ್ನೇನೇ ಇಲ್ಲ. ಉತ್ತರದ ಭಾಗಕ್ಕೆ ಎರಡೂವರೆ. ಯಾಕೆ ಅಂತ ವಿವರವಾಗಿ ಬರೀತೀನಿ, ಯಾಕಂದ್ರೆ ಕನ್ನಡದಲ್ಲಿ ಈ ದೇಶದ ಬಗ್ಗೆ ಹುಡುಕಿದ್ರೆ ನಂಗೆ ಏನೂ ಸಿಕ್ಕಿರ್ಲಿಲ್ಲ, ಮೊರಾಕೊ, ಈಜಿಪ್ಟ್ ಬಗ್ಗೆ ಬೇಕಾದಷ್ಟಿದೆ.

ವೀಸಾ ವಿಷ್ಯ ಮೊದ್ಲು, ಯಾಕಂದ್ರೆ ಎಲ್ರೂ ಕೇಳೋದು ಅದೇ. ಅಲ್ಜೀರಿಯಾ ವೀಸಾ ಕಷ್ಟ ಅಂತ ಹೆಸರಿತ್ತು, ಈಗ್ಲೂ ಎಂಬೆಸಿ ಮೂಲಕ ಹೋದ್ರೆ ಕಾಯ್ಬೇಕಾಗುತ್ತೆ. ಆದ್ರೆ 2023ರಿಂದ ಸಹಾರಾ ಕಡೆ ಹೋಗೋ ಟೂರಿಸ್ಟ್‌ಗಳಿಗೆ ಅಲ್ಲಿ ಇಳಿದ್ಮೇಲೆ ವೀಸಾ ಕೊಡೋ ವ್ಯವಸ್ಥೆ ಇದೆ. ಒಂದೇ ಕಂಡೀಷನ್ನು, ಲೈಸೆನ್ಸ್ ಇರೋ ಏಜೆನ್ಸಿ ಮೂಲಕಾನೇ ಹೋಗ್ಬೇಕು, ಅವ್ರು ಸರ್ಕಾರಕ್ಕೆ ನಮ್ಮ ಪಾಸ್‌ಪೋರ್ಟ್ ಕಾಪಿ, ಯಾವ ದಿನ ಎಲ್ಲಿರ್ತೀವಿ ಅನ್ನೋ ಪ್ರೋಗ್ರಾಂ ಎಲ್ಲಾ ಕೊಟ್ಟು ಪರ್ಮಿಷನ್ ಲೆಟರ್ ತರಿಸ್ಬೇಕು. ಆ ಲೆಟರ್ ಪ್ರಿಂಟ್ ತಗೊಂಡು ಕೈಯಲ್ಲಿ ಇಟ್ಕೊಳ್ಳಿ, ಫೋನಲ್ಲಿದೆ ಅಂತ ಬಿಡ್ಬೇಡಿ. ವಿಮಾನ ಹತ್ತೋ ಕೌಂಟರಲ್ಲೇ ಕೇಳ್ತಾರೆ, ಅಲ್ಜಿಯರ್ಸಲ್ಲಿ ಇಳಿದ್ಮೇಲೂ ಕೇಳ್ತಾರೆ, ಫೀಸ್ ಯೂರೋ ಕ್ಯಾಶಲ್ಲಿ ಕಟ್ಟಿದ್ವಿ. ನಮ್ಮ ಏಜೆನ್ಸಿಯವ್ರು ಲೆಟರ್ ಟೈಮಿಗೆ ಸರಿಯಾಗಿ ಕಳಿಸಿದ್ರು, ಅಷ್ಟೇ ಅಲ್ಲ, ಕೌಂಟರಲ್ಲಿ ಏನಾದ್ರೂ ತಕರಾರು ಬಂದ್ರೆ ಫೋನ್ ಮಾಡಿ ಅಂತ ಒಬ್ರನ್ನ ರಾತ್ರಿಯೆಲ್ಲಾ ಎಚ್ಚರವಾಗಿ ಕೂರಿಸಿದ್ರು. ಇಂಥದ್ದೆಲ್ಲಾ ಬ್ರೋಷರಲ್ಲಿ ಬರಲ್ಲ, ಆದ್ರೆ ನಂಬಿಕೆ ಹುಟ್ಟೋದು ಇಲ್ಲೇ. ಹಾಂ, ಡ್ರೋನ್ ತಗೊಂಡು ಹೋಗ್ಲೇಬೇಡಿ, ಕಸ್ಟಮ್ಸಲ್ಲಿ ಹಿಡ್ಕೊಳ್ತಾರೆ.

ಅಲ್ಜಿಯರ್ಸ್ ಬಗ್ಗೆ ಜಾಸ್ತಿ ಬರೆಯಲ್ಲ. ಬಿಳೀ ಬಣ್ಣದ ಊರು, ಸಮುದ್ರಕ್ಕೆ ಮುಖ ಮಾಡಿ ಗುಡ್ಡದ ಮೇಲೆ ಹತ್ಕೊಂಡು ಹೋಗುತ್ತೆ, ನೋಡೋಕೆ ತುಂಬಾ ಚೆಂದ. ಕಸ್ಬಾ ಅನ್ನೋ ಹಳೇ ಊರು 1992ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ, ಗಲ್ಲಿಗಳು ಎಷ್ಟು ಕಿರಿದು ಅಂದ್ರೆ ಎದುರಿಂದ ಯಾರಾದ್ರೂ ಮೂಟೆ ಹೊತ್ಕೊಂಡು ಬಂದ್ರೆ ನಾವು ಗೋಡೆಗೆ ಅಂಟ್ಕೊಂಡು ನಿಲ್ಬೇಕು. ಇಲ್ಲಿ ನಮ್ಮ ಏಜೆನ್ಸಿ ಬೇರೆಯವ್ರಿಗೆ ಕೆಲಸ ವಹಿಸಿತ್ತು, ಆ ಸಿಟಿ ಗೈಡ್ ಗಡಿಯಾರ ನೋಡ್ಕೊಂಡೇ ಓಡ್ಸಿದ್ರು. ಒಂದು ತಾಮ್ರದ ಕೆಲಸದವ್ರ ಅಂಗಡಿಯಲ್ಲಿ ಅರ್ಧ ಗಂಟೆ ಕೂರಿಸಿದ್ರು, ಆದ್ರೆ ಒಟ್ಟೊಮನ್ ಕಾಲದ ಮನೆ ಒಳಗೆ ಹೋಗೋಕೆ ಟೈಮಿಲ್ಲ ಅಂದ್ರು. ನಮ್ಮನೆಯವ್ರು ಇತಿಹಾಸ ಅಂದ್ರೆ ಜೀವ ಬಿಡ್ತಾರೆ, 1962ರಲ್ಲಿ ಸ್ವಾತಂತ್ರ್ಯ ಬಂದ ದೇಶ, ಅದಕ್ಕಿಂತ ಮುಂಚೆ 132 ವರ್ಷ ಫ್ರೆಂಚರ ಕೈಯಲ್ಲಿದ್ದಿದ್ದು, ಇದೇ ಗಲ್ಲಿಗಳಲ್ಲಿ 1957ರಲ್ಲಿ ಹೋರಾಟಗಾರರು ಅಡಗಿದ್ದಿದ್ದು, ಇದನ್ನೆಲ್ಲಾ ಕೇಳ್ಬೇಕು ಅಂತ ಅವ್ರು ಪ್ರಶ್ನೆ ಕೇಳಿದ್ರೆ ಒಂದೊಂದು ವಾಕ್ಯದ ಉತ್ತರ. ಅಲ್ಲಿ ಕುಡಿದ ಹಮೂದ್ ಬುಆಲೆಮ್ ಸೋಡಾ ಮಾತ್ರ ಸೂಪರ್, 1878ರ ಕಂಪನಿ, ಬಿಳೀದು ಟೇಸ್ಟ್ ಮಾಡಿ.

ಘರ್ದಾಯಾ ಬೇರೆ ಲೆವೆಲ್ಲು. ಇಲ್ಲಿಗೆ ಬಂದ್ಮೇಲೆ ಗೈಡ್ ಅಂದ್ರೆ ಏನು ಅಂತ ಮೊದಲ ಸಲ ಗೊತ್ತಾಯ್ತು. ಮಝಾಬ್ ಕಣಿವೆಯಲ್ಲಿ ಐದು ಕೋಟೆ ಊರುಗಳಿದಾವೆ, ಘರ್ದಾಯಾ, ಮೆಲಿಕಾ, ಬೆನಿ ಇಸ್ಗೆನ್, ಬೂ ನೂರಾ, ಎಲ್ ಅತ್ತೂಫ್. ಇಬಾದಿ ಪಂಥದ ಮುಸ್ಲಿಮರು ಸುಮಾರು ಸಾವಿರ ವರ್ಷದ ಹಿಂದೆ ಬಂದು ಕಟ್ಕೊಂಡಿದ್ದು, 1982ರಿಂದ ಇದೂ ಯುನೆಸ್ಕೋ. ಪ್ರತಿ ಊರೂ ಗುಡ್ಡದ ಮೇಲೆ, ತುದಿಯಲ್ಲಿ ಮಸೀದಿ, ಅದರ ಸುತ್ತ ಮನೆಗಳು ಸುತ್ತು ಸುತ್ತಾಗಿ ಕೆಳಗಿಳಿಯುತ್ವೆ. ಬೆನಿ ಇಸ್ಗೆನ್ ಒಳಗೆ ಊರಿನ ಗೈಡ್ ಇಲ್ದೆ ಬಿಡೋದೇ ಇಲ್ಲ. ಜನರ ಫೋಟೋ ತೆಗೆಯೋ ಹಾಗಿಲ್ಲ, ಸಿಗರೇಟ್ ಸೇದೋ ಹಾಗಿಲ್ಲ. ಹೆಂಗಸ್ರು ಬಿಳೀ ಬಟ್ಟೆ ಮೈತುಂಬಾ ಹೊದ್ಕೊಂಡು ಒಂದೇ ಕಣ್ಣು ಕಾಣೋ ಹಾಗೆ ಓಡಾಡ್ತಾರೆ, ನಮ್ಮನ್ನ ನೋಡಿ ಗೋಡೆ ಕಡೆ ತಿರುಗಿ ನಿಲ್ತಾರೆ. ನಾನು ಉದ್ದ ಕೈಯ ಕುರ್ತಾ, ತಲೆ ಮೇಲೆ ದುಪಟ್ಟಾ ಹಾಕಿದ್ದೆ, ಗೈಡ್ ಅದನ್ನ ನೋಡಿ ಖುಷಿಯಾಗಿ ತಲೆ ಆಡಿಸಿದ್ರು. ಆ ಊರಿನ ಮುದುಕ ಗೈಡ್ ಅವ್ರು, ಅಲ್ಲೇ ಹುಟ್ಟಿ ಬೆಳೆದವ್ರು, ಯಾವ ಬಾಗಿಲ ಮುಂದೆ ನಿಲ್ಬೇಕು, ಯಾವ ಬಾಗಿಲ ಮುಂದೆ ಬೇಗ ದಾಟ್ಬೇಕು ಅನ್ನೋದು ಅವ್ರ ಹೆಜ್ಜೆಯಲ್ಲೇ ಗೊತ್ತಾಗ್ತಿತ್ತು.

ಅವ್ರು ತೋಟದ ಕಡೆ ಕರ್ಕೊಂಡು ಹೋಗಿ ತೋರಿಸಿದ್ದು ನಂಗೆ ಇವತ್ತಿಗೂ ಕಣ್ಣಲ್ಲಿದೆ. ಆ ಕಣಿವೆಯಲ್ಲಿ ಮಳೆ ಬರೋದೇ ಅಪರೂಪ, ಬಂದ್ರೆ ಒಂದೇ ಸಲ ಪ್ರವಾಹ. ಆ ನೀರನ್ನ ಹಿಡಿದು ಕಾಲುವೆಗೆ ಬಿಟ್ಟು, ಅಲ್ಲಿ ಕಲ್ಲುಗಳನ್ನ ಸಾಲಾಗಿ ನಿಲ್ಲಿಸಿ ನಡುವೆ ಸಂದಿ ಬಿಟ್ಟಿದಾರೆ, ಯಾವ ತೋಟಕ್ಕೆ ಎಷ್ಟು ಖರ್ಜೂರದ ಮರ ಇದೆಯೋ ಅದಕ್ಕೆ ತಕ್ಕ ಹಾಗೆ ಸಂದಿಯ ಅಗಲ. ನೂರಾರು ವರ್ಷದಿಂದ ಜಗಳ ಇಲ್ದೆ ನೀರು ಹಂಚ್ಕೊಳ್ತಿದಾರೆ. ಇಂಥ ಜಾಗಕ್ಕೆ ಪ್ರೋಗ್ರಾಂನಲ್ಲಿ ಇಟ್ಟಿದ್ದು ಅರ್ಧ ದಿನಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಎಲ್ ಅತ್ತೂಫಲ್ಲಿ ಸಿದಿ ಬ್ರಾಹಿಂ ಅಂತ ಒಂದು ಚಿಕ್ಕ ಪ್ರಾರ್ಥನಾ ಮಂದಿರ ಇದೆ, ಸುಣ್ಣ ಬಳಿದ ಗೋಡೆ, ಅಲ್ಲಲ್ಲಿ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿ, ಲ ಕಾರ್ಬೂಸಿಯೆ ಅಂಥ ಆರ್ಕಿಟೆಕ್ಟ್ ಈ ಕಣಿವೆಗೆ ಬಂದು ಹುಚ್ಚು ಹಿಡಿಸ್ಕೊಂಡು ಹೋಗಿದ್ರಂತೆ, ಅದನ್ನ ನಾವು ಐದು ನಿಮಿಷದಲ್ಲಿ ನೋಡಿ ಏರ್‌ಪೋರ್ಟಿಗೆ ಓಡಿದ್ವಿ. ನೀವು ಹೋದ್ರೆ ಅಲ್ಜಿಯರ್ಸ್ ಒಂದು ದಿನ ಕಮ್ಮಿ ಮಾಡಿ ಆದ್ರೂ ಸರಿ, ಇಲ್ಲಿ ಎರಡು ರಾತ್ರಿ ಉಳೀಲೇಬೇಕು. ಏಜೆನ್ಸಿಗೂ ಇದನ್ನೇ ಹೇಳ್ದೆ, ಮುಂದಿನವ್ರಿಗೆ ಬದಲಾಯಿಸ್ತೀವಿ ಅಂದಿದಾರೆ.

ಈ ದೇಶ ಆಫ್ರಿಕಾದಲ್ಲೇ ದೊಡ್ಡದು, ಸುಮಾರು 23.8 ಲಕ್ಷ ಚದರ ಕಿಲೋಮೀಟರ್, ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಬರೀ ಮರುಭೂಮಿ. ಅಲ್ಜಿಯರ್ಸಿಂದ ಜಾನೆಟ್‌ಗೆ ರೋಡಲ್ಲಿ ಎರಡು ಸಾವಿರ ಕಿಲೋಮೀಟರಿಗಿಂತ ಹೆಚ್ಚು, ಆದ್ದರಿಂದ ವಿಮಾನಾನೇ ಗತಿ. ಎರಡೂವರೆ ಗಂಟೆ ಹಾರಾಟ, ಆದ್ರೆ ಹೊರಡೋದು ರಾತ್ರಿ ಹೊತ್ತು, ನಮ್ಮದು ಲೇಟ್ ಬೇರೆ ಆಯ್ತು, ಇಳಿದಾಗ ಬೆಳಗಿನ ಜಾವ. ಏರ್‌ಪೋರ್ಟ್ ಹೊರಗೆ ಚಳಿ, ಕತ್ತಲು, ಆಕಾಶದ ತುಂಬಾ ನಕ್ಷತ್ರ, ಅಲ್ಲಿ ನಮ್ಮ ಗೈಡ್ ನೀಲಿ ಬಣ್ಣದ ತಲೆವಸ್ತ್ರ ಸುತ್ಕೊಂಡು ನಿಂತಿದ್ರು, ಎಷ್ಟು ಹೊತ್ತಿಂದ ಕಾಯ್ತಿದ್ರೋ, ಮುಖದಲ್ಲಿ ಬೇಜಾರೇ ಇಲ್ಲ. ಬ್ಯಾಗ್ ತಗೊಂಡ್ರು, ಮಾತಿಗಿಂತ ಮುಂಚೆ ಬಿಸಿ ಟೀ ಕೊಟ್ರು. ಇಂಗ್ಲಿಷ್ ಅವ್ರಿಗೆ ಅಷ್ಟಕ್ಕಷ್ಟೇ, ಫ್ರೆಂಚ್, ಅರಬ್ಬಿ, ಅವ್ರ ತಮಾಹಕ್ ಭಾಷೆ ನೀರು ಕುಡಿದಷ್ಟು ಸಲೀಸು. ನಮ್ಮನೆಯವ್ರಿಗೆ ಸ್ವಲ್ಪ ಫ್ರೆಂಚ್ ಬರುತ್ತೆ ಅಂತ ನಮಗೆ ನಡೀತು, ಯಾರಿಗೂ ಫ್ರೆಂಚ್ ಬರಲ್ಲ ಅಂದ್ರೆ ಬುಕ್ ಮಾಡೋವಾಗ್ಲೇ ಇಂಗ್ಲಿಷ್ ಬರೋ ಗೈಡ್ ಬೇಕು ಅಂತ ಬರೆದು ತಗೊಳ್ಳಿ. ಇದು ತುಂಬಾ ಮುಖ್ಯ, ಯಾಕಂದ್ರೆ ಅಲ್ಲಿ ಗೋಡೆ ಮೇಲೆ ಬೋರ್ಡಿಲ್ಲ, ಫೋನಲ್ಲಿ ನೆಟ್‌ವರ್ಕಿಲ್ಲ, ಗೈಡ್ ಬಾಯಲ್ಲಿ ಬಂದಿದ್ದಷ್ಟೇ ಗೊತ್ತಾಗೋದು.

ಜಾನೆಟ್ ಸಣ್ಣ ಊರು, ಬಂಡೆ ಗುಡ್ಡಗಳ ಮಡಿಲಲ್ಲಿ ಖರ್ಜೂರದ ತೋಟ, ಅದರ ಅಂಚಲ್ಲಿ ಹಳೇ ಕಲ್ಲು ಮಣ್ಣಿನ ಮನೆಗಳ ಮೂರು ಕೇರಿ. ಅದರಲ್ಲಿ ಎಲ್ ಮಿಹಾನ್, ಅಝೆಲ್ಲುವಾಜ್ ಅನ್ನೋ ಎರಡು ಕೇರಿಯವ್ರು ಸೇರಿ ಮಾಡೋ ಸೆಬೀಬಾ ಅನ್ನೋ ಹಬ್ಬ 2014ರಲ್ಲಿ ಯುನೆಸ್ಕೋದ ಇನ್ನೊಂದು ಪಟ್ಟಿಗೆ, ಅಂದ್ರೆ ಹಬ್ಬ, ಕುಣಿತದಂಥ ಸಂಪ್ರದಾಯಗಳ ಪಟ್ಟಿಗೆ ಸೇರಿದೆ, ಮೊಹರಂ ತಿಂಗಳಲ್ಲಿ ಕತ್ತಿ ಹಿಡಿದು ಕುಣಿತಾರೆ, ಹೆಂಗಸ್ರು ಡೋಲು ಬಾರಿಸ್ಕೊಂಡು ಹಾಡ್ತಾರೆ. ನಾವು ಹೋಗಿದ್ದು ಆ ಸಮಯ ಅಲ್ಲ. ಬೆಳಗ್ಗೆ ಮಾರ್ಕೆಟ್ಟಲ್ಲಿ ತರಕಾರಿ, ಖರ್ಜೂರ ತುಂಬಿಸ್ಕೊಂಡು, ತಸ್ಸಿಲಿ ನ್ಯಾಷನಲ್ ಪಾರ್ಕ್ ಆಫೀಸಲ್ಲಿ ಪೇಪರ್ ಮಾಡಿಸಿ, ಎರಡು ತಲೆವಸ್ತ್ರ ಕೊಂಡ್ವಿ, ಒಂದೊಂದೂ ಐದು ಮೀಟರ್ ಆಸುಪಾಸು ಉದ್ದ. ಗೈಡ್ ನಮ್ಮನೆಯವ್ರಿಗೆ ಕಟ್ಟಿ ತೋರಿಸಿದ್ರು, ಒಂದು ತುದಿ ಭುಜದ ಮೇಲೆ ಬಿಟ್ಟು, ಉಳಿದಿದ್ದನ್ನ ಹಣೆಯಿಂದ ಸುತ್ತಿ, ಕೊನೆಗೆ ಆ ತುದಿಯನ್ನ ಮೂಗಿನ ಮೇಲೆ ಎಳೆದು ಸಿಕ್ಕಿಸೋದು. ಇದು ಫೋಟೋಗಲ್ಲ, ಮರಳು ಏಳೋಕೆ ಶುರುವಾದ್ರೆ ಇದಿಲ್ದೆ ಉಸಿರಾಡೋಕಾಗಲ್ಲ.

ಟೀಮ್ ಅಂದ್ರೆ ಗೈಡ್, ಡ್ರೈವರ್, ಅಡುಗೆಯವ್ರು, ನಾವಿಬ್ರು. ಟೊಯೋಟಾ ಲ್ಯಾಂಡ್ ಕ್ರೂಸರ್, ಹಳೇದು, ಎಸಿ ಇಲ್ಲ, ಆದ್ರೆ ಇಂಜಿನ್ ಗಟ್ಟಿ. ಡ್ರೈವರ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಮರಳು ಶುರುವಾಗೋ ಕಡೆ ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಅರ್ಧ ಇಳಿಸಿದ್ರು, ಮೀಟರ್ ಇಲ್ಲ ಏನಿಲ್ಲ, ಟೈರ್ ಹೊಟ್ಟೆ ಎಷ್ಟು ಉಬ್ಬಿದೆ ಅಂತ ಕಣ್ಣಲ್ಲೇ ನೋಡಿ ಸಾಕು ಅಂದ್ರು. ಆಮೇಲೆ ಇಳಿದು ಬರಿಗಾಲಲ್ಲಿ ದಿಬ್ಬದ ಮೇಲೆ ನಡೆದು ಹೋಗಿ ಬಂದ್ರು, ಕಾಲು ಎಲ್ಲಿ ಹೂಳುತ್ತೆ ಎಲ್ಲಿ ಗಟ್ಟಿ ಇದೆ ಅಂತ ನೋಡೋಕೆ. ಅಷ್ಟಾದ್ಮೇಲೆ ಒಂದೇ ಏಟಿಗೆ ಹತ್ತಿಸಿದ್ರು, ನಾನು ಕಣ್ಣು ಮುಚ್ಕೊಂಡಿದ್ದೆ. ಇಡೀ ಟ್ರಿಪ್ಪಲ್ಲಿ ಒಂದು ಸಲಾನೂ ಹುಚ್ಚು ಸ್ಪೀಡಲ್ಲಿ ಓಡಿಸ್ಲಿಲ್ಲ, ದಿಬ್ಬದ ಮೇಲೆ ಗಾಡಿ ಹಾರಿಸಿ ಕೂಗ್ಸೋ ಆಟ ಆಡ್ಲಿಲ್ಲ, ಅದಕ್ಕೆ ನಾನು ಅವ್ರಿಗೆ ಎರಡು ಸ್ಟಾರ್ ಎಕ್ಸ್‌ಟ್ರಾ ಕೊಡ್ತೀನಿ.

ತಸ್ಸಿಲಿ ನಜ್ಜೆರ್ ಅನ್ನೋದು 72,000 ಚದರ ಕಿಲೋಮೀಟರ್ ವಿಸ್ತಾರದ ಪಾರ್ಕು, 1982ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಬಂಡೆ ಮೇಲಿನ ಚಿತ್ರ, ಕೆತ್ತನೆ 15,000ಕ್ಕಿಂತ ಹೆಚ್ಚು ಲೆಕ್ಕ ಹಾಕಿದಾರೆ. ಲೈಸೆನ್ಸ್ ಗೈಡ್ ಇಲ್ದೆ ಒಳಗೆ ಹೋಗೋ ಹಾಗಿಲ್ಲ, ಅದು ಸರಿಯಾದ ನಿಯಮ ಅಂತ ನಂಗನ್ಸುತ್ತೆ. ಜಾನೆಟ್ ಹತ್ರಾನೇ ತೆಘರ್ಘರ್ತ್ ಅನ್ನೋ ಕಡೆ ಅಳುವ ಹಸುಗಳ ಕೆತ್ತನೆ ಇದೆ. ಬಯಲಿನ ನಡುವೆ ಒಂಟಿ ಬಂಡೆ, ಅದರ ಬುಡದಲ್ಲಿ ಉದ್ದ ಕೊಂಬಿನ ಹಸುಗಳು ತಲೆ ತಗ್ಗಿಸಿವೆ, ಕಣ್ಣ ಕೆಳಗೆ ಒಂದು ಹನಿ. ಸುಮಾರು 7,000 ವರ್ಷದ್ದು ಅಂತ ಹೇಳ್ತಾರೆ. ನಾವು ಮಧ್ಯಾಹ್ನ ಊಟ ಆದ ತಕ್ಷಣ ಹೋಗೋಣ ಅಂದ್ವಿ, ಗೈಡ್ ಬೇಡ ಅಂದ್ರು, ಟೀ ಕುಡಿಸಿ ಕೂರಿಸಿದ್ರು, ಬಿಸಿಲು ಓರೆಯಾಗೋವರ್ಗೂ ಕಾಯಿಸಿದ್ರು. ಹೋಗಿ ನೋಡಿದ್ರೆ ಯಾಕೆ ಅಂತ ಅರ್ಥ ಆಯ್ತು. ನೆತ್ತಿ ಮೇಲಿನ ಬಿಸಿಲಲ್ಲಿ ಬರೀ ಗೀರು ಥರ ಕಾಣೋ ಗೆರೆಗಳ ಒಳಗೆ ನೆರಳು ತುಂಬ್ಕೊಂಡು ಹಸುವಿನ ಗಂಗೆದೊಗಲು, ಕಿವಿ, ಮೂತಿ ಎಲ್ಲಾ ಬಂಡೆಯಿಂದ ಹೊರಗೆ ಬರ್ತಿದೆ. ಕೆತ್ತಿದವನು ಬೆರಳಲ್ಲಿ ತಿಕ್ಕಿ ತಿಕ್ಕಿ ನಯ ಮಾಡಿದ ಹಾಗೆ ಗೆರೆ ಒಳಗೆಲ್ಲಾ ನುಣುಪು. ನೀರು ಹುಡುಕ್ಕೊಂಡು ಬಂದ ಹಸುಗಳು ಬತ್ತಿದ ಹೊಂಡ ನೋಡಿ ಅಳ್ತಿವೆ ಅಂತ ಅಲ್ಲಿನ ಜನ ಹೇಳೋ ಕಥೆ. ನಮ್ಮನೆಯವ್ರು ಮಾತೇ ಆಡ್ಲಿಲ್ಲ ಸುಮಾರು ಹೊತ್ತು.

ಒಂದು ಕಾಲದಲ್ಲಿ ಈ ಸಹಾರಾ ಹಸಿರಾಗಿತ್ತು, ಕೆರೆ, ಹುಲ್ಲು, ಜಿರಾಫೆ, ಆನೆ, ನೀರಾನೆ ಎಲ್ಲಾ ಇತ್ತು, ಆಮೇಲೆ ಮಳೆ ದಕ್ಷಿಣಕ್ಕೆ ಸರೀತಾ ಹೋಗಿ ಸುಮಾರು 5,000 ವರ್ಷದ ಹಿಂದೆ ಒಣಗೋಕೆ ಶುರು. ಚಿತ್ರಗಳಲ್ಲೂ ಅದೇ ಕ್ರಮ ಕಾಣುತ್ತೆ, ಮೊದ್ಲು ಕಾಡುಪ್ರಾಣಿ, ಆಮೇಲೆ ದನಗಳ ಹಿಂಡು, ಆಮೇಲೆ ಕುದುರೆ, ಕೊನೆಗೆ ಒಂಟೆ. ತಾದ್ರಾರ್ತ್ ಅನ್ನೋ ಮರುಭೂಮಿ ಕಡೆ ಇನ್ ಜೆರಾನ್ ಅನ್ನೋ ಒಣ ನದಿ ಪಾತ್ರದಲ್ಲಿ ನಡೀತಾ ಹೋದ್ರೆ ಎರಡೂ ಕಡೆ ಬಂಡೆ ಮೇಲೆ ಆನೆ, ಜಿರಾಫೆ. ಅಲ್ಲಲ್ಲಿ ತುವಾರೆಗ್ ಜನರ ತಿಫಿನಾಗ್ ಲಿಪಿಯಲ್ಲಿ ಬರಹ. ಗೈಡ್ ಯಾವುದನ್ನೂ ಮುಟ್ಟೋಕೆ ಬಿಡ್ಲಿಲ್ಲ, ತಾವೂ ಮುಟ್ಲಿಲ್ಲ, ಕೋಲಿನ ನೆರಳಲ್ಲಿ ತೋರಿಸಿದ್ರು. 1956ರಲ್ಲಿ ಆನ್ರಿ ಲೋಟ್ ಅವ್ರ ಫ್ರೆಂಚ್ ತಂಡ ಬಂದು ಚಿತ್ರಗಳನ್ನ ನಕಲು ಮಾಡ್ಕೊಂಡು ಹೋದಾಗ ಬಣ್ಣ ಎದ್ದು ಕಾಣ್ಲಿ ಅಂತ ನೀರಲ್ಲಿ ಒರೆಸಿದ್ರು, ಆಮೇಲೆ ಅದನ್ನ ನೋಡಿ ಟೂರಿಸ್ಟ್‌ಗಳೂ ನೀರು ಎರಚೋಕೆ ಶುರು ಮಾಡಿದ್ರು, ಎಷ್ಟೋ ಚಿತ್ರ ಮಾಸಿಹೋಗಿದೆ. ಆ ತಂಡಕ್ಕೆ ಜಾಗ ತೋರಿಸಿದ್ದೂ ಇಲ್ಲಿನ ತುವಾರೆಗ್ ಗೈಡ್‌ಗಳೇ, ಹೆಸರು ಬಂದಿದ್ದು ಹೊರಗಿನವ್ರಿಗೆ. ಇದನ್ನ ಹೇಳೋವಾಗ ಅವ್ರ ದನಿಯಲ್ಲಿ ಸಿಟ್ಟಿರ್ಲಿಲ್ಲ, ಆದ್ರೆ ನಂಗೆ ಸಂಕಟ ಆಯ್ತು. ನಮ್ಮ ಕಣ್ಣೆದುರೇ ಬೇರೆ ಗುಂಪಿನ ಒಬ್ಬ ಬಾಟ್ಲಿ ಮುಚ್ಚಳ ತೆಗೆದಾಗ ಇವ್ರು ಓಡಿಹೋಗಿ ತಡೆದ್ರು. ನೀವು ಯಾವ ಏಜೆನ್ಸಿ ಜೊತೆ ಹೋದ್ರೂ ಸರಿ, ಗೈಡ್ ಚಿತ್ರಕ್ಕೆ ನೀರು ಹಾಕಿದ್ರೆ ಬೇಡ ಅಂತ ಬಾಯಿಬಿಟ್ಟು ಹೇಳಿ, ದಯವಿಟ್ಟು.

ತಾದ್ರಾರ್ತ್ ರೂಜ್ ಅನ್ನೋ ಕೆಂಪು ಮರುಭೂಮಿ ಜಾನೆಟ್‌ನ ಆಗ್ನೇಯಕ್ಕೆ, ಲಿಬಿಯಾ, ನೈಜರ್ ಗಡಿ ಹತ್ರ. ಕಪ್ಪು ಬಂಡೆ, ಅದರ ಬುಡದಿಂದ ಎದ್ದು ನಿಂತ ಕಿತ್ತಳೆ ಮರಳು. ಮೂಲ್ ನಾಗಾದಲ್ಲಿ ಗಾಳಿ ಕೊರೆದ ಕಂಬಗಳು, ತಿನ್ ಮೆರ್ಝೂಗಾದಲ್ಲಿ ಮರಳ ದಿಬ್ಬ, ಎತ್ತರ ನೋಡಿ ನಾನು ಹತ್ತಲ್ಲ ಅಂದೆ, ಗೈಡ್ ಏರಿನ ಅಂಚಲ್ಲೇ ಅವ್ರ ಹೆಜ್ಜೆ ಗುರುತಿನ ಮೇಲೆ ಹೆಜ್ಜೆ ಇಡೋಕೆ ಹೇಳಿ ನಿಧಾನಕ್ಕೆ ಹತ್ತಿಸಿದ್ರು. ಮೇಲೆ ಹೋಗಿ ಕೂತ್ರೆ ದಿಕ್ಕು ದಿಕ್ಕಿಗೂ ಕೆಂಪು. ನಮ್ಮನ್ನ ಮೇಲೆ ಬಿಟ್ಟು ಅವ್ರು ಕೆಳಗಿಳಿದು ದೂರ ಹೋಗಿ ಕೂತ್ರು. ಇಬ್ರೇ ಬಂದಿದಾರೆ, ಇಬ್ರೇ ಇರ್ಲಿ ಅನ್ನೋ ಸೂಕ್ಷ್ಮ ಅವ್ರಿಗೆ ಯಾರೂ ಹೇಳಿಕೊಡ್ಬೇಕಾಗಿರ್ಲಿಲ್ಲ. ಟೆಂಟೂ ಹಾಗೇ, ನಮ್ಮದು ಒಂದು ಬಂಡೆ ಮರೆಯಲ್ಲಿ, ಅವ್ರದು ಇನ್ನೊಂದು ಬಂಡೆ ಆಚೆ, ಕೂಗಿದ್ರೆ ಕೇಳೋಷ್ಟು ದೂರ.

ಊಟದ ವಿಷ್ಯ. ನಾವಿಬ್ರೂ ವೆಜ್, ಬುಕ್ ಮಾಡೋವಾಗ್ಲೇ ಬರೆದಿದ್ವಿ. ಆದ್ರೂ ಮೊದಲ ದಿನ ಮಾಂಸ ತೆಗೆದಿಟ್ಟು ಅದೇ ಸಾರು ಬಡಿಸಿದ್ರು, ಅವ್ರ ಲೆಕ್ಕದಲ್ಲಿ ತುಂಡು ಇಲ್ಲ ಅಂದ್ರೆ ವೆಜ್ಜು. ಗೈಡ್‌ಗೆ ಹೇಳಿದ್ವಿ, ಅವ್ರು ಅಡುಗೆಯವ್ರ ಹತ್ರ ಕೂತು ಮಾತಾಡಿದ್ರು, ಅವತ್ತು ರಾತ್ರಿಯಿಂದ್ಲೇ ನಮಗೆ ಬೇರೆ ಪಾತ್ರೆ, ಬೇರೆ ಸೌಟು, ಕೊನೇ ದಿನದವರ್ಗೂ ಒಂದು ಸಲಾನೂ ತಪ್ಪಲಿಲ್ಲ. ಕಡಲೆಕಾಳು, ಕುಂಬಳಕಾಯಿ, ಕ್ಯಾರೆಟ್ ಹಾಕಿದ ಕೂಸ್‌ಕೂಸ್, ಬೇಳೆ ಸೂಪು, ಸಲಾಡು, ಆಮೇಲೆ ದೆಗ್ಲೆತ್ ನೂರ್ ಖರ್ಜೂರ. ಆದ್ರೆ ನಾನು ಹೇಳ್ಬೇಕಾಗಿರೋದು ತಾಗೆಲ್ಲಾ ಅನ್ನೋ ರೊಟ್ಟಿ ಬಗ್ಗೆ.

ಸೌದೆ ಉರಿಸಿ ಕೆಂಡ ಆದ್ಮೇಲೆ ಕೆಂಡವನ್ನ ಪಕ್ಕಕ್ಕೆ ಸರಿಸ್ತಾರೆ, ಕೆಳಗಿನ ಮರಳು ಕಾದು ಸುಡ್ತಿರುತ್ತೆ. ರವೆ ಹಿಟ್ಟನ್ನ ಉಪ್ಪು, ನೀರು ಹಾಕಿ ನಾದಿ, ಎರಡು ಬೆರಳು ದಪ್ಪ ತಟ್ಟಿ, ನೇರವಾಗಿ ಆ ಮರಳ ಮೇಲೆ ಇಡ್ತಾರೆ. ಮೇಲೆ ಮತ್ತೆ ಮರಳು, ಅದರ ಮೇಲೆ ಕೆಂಡ. ಸ್ವಲ್ಪ ಹೊತ್ತಾದ್ಮೇಲೆ ಅಡುಗೆಯವ್ರು ಕಡ್ಡಿಯಲ್ಲಿ ಕೆದಕಿ, ಬೆರಳಲ್ಲಿ ತಟ್ಟಿ ಸದ್ದು ಕೇಳಿ, ಮಗುಚಿ ಮತ್ತೆ ಮುಚ್ಚಿದ್ರು. ಹೊರಗೆ ತೆಗೆದು ಪಟಪಟ ಬಡಿದು, ಚಾಕುವಲ್ಲಿ ಕೆರೆದು, ಸ್ವಲ್ಪ ನೀರಲ್ಲಿ ತೊಳೆದೂ ಬಿಟ್ರು! ಬಿಸಿ ರೊಟ್ಟಿಯನ್ನ ನೀರಲ್ಲಿ ತೊಳೆಯೋದು ನಾನು ಮೊದಲ ಸಲ ನೋಡಿದ್ದು. ಆಮೇಲೆ ಎಲ್ರೂ ಸುತ್ತ ಕೂತು ಸಣ್ಣ ಸಣ್ಣ ಚೂರು ಮಾಡಿ ಬೋಗುಣಿಗೆ ಹಾಕಿ, ಮೇಲೆ ತರಕಾರಿ ಸಾರು ಹುಯ್ದು ಕಲಸಿದ್ವಿ. ಒಂದು ಕಣ ಮರಳು ಹಲ್ಲಿಗೆ ಸಿಗ್ಲಿಲ್ಲ. ಹೊಗೆ ವಾಸನೆ, ಸಾರು ಹೀರಿದ ಮೆತ್ತನೆ ಚೂರು, ನಡುವೆ ನಡುವೆ ಗಟ್ಟಿ ಹೊರಪದರ, ಅದರ ರುಚಿ ಬರೆಯೋಕೆ ನಂಗೆ ಬರಲ್ಲ. ಟೀ ಮೂರು ಸಲ, ಅದೇ ಸೊಪ್ಪಿಗೆ ನೀರು ಸಕ್ಕರೆ ಸೇರಿಸ್ತಾ, ಮೊದಲನೇದು ಕಹಿ, ಕೊನೇದು ಸಿಹಿ. ಮೇಲಿಂದ ಹುಯ್ದು ಹುಯ್ದು ನೊರೆ ಬರಿಸ್ತಾರೆ, ನೊರೆ ಇಲ್ದಿದ್ರೆ ಗ್ಲಾಸ್ ಕೈಗೆ ಕೊಡಲ್ಲ. ಅವಸರ ಮಾಡ್ಬೇಡಿ, ಮೂರನೇದು ಆಗೋ ಮುಂಚೆ ಎದ್ರೆ ಅವ್ರಿಗೆ ಬೇಜಾರಾಗುತ್ತೆ.

ಹೆಂಗಸ್ರಿಗೆ ಬೇಕಾಗಿರೋ ವಿಷ್ಯ ಯಾರೂ ಬರೆಯಲ್ಲ, ನಾನು ಬರೀತೀನಿ. ಕ್ಯಾಂಪಲ್ಲಿ ಟಾಯ್ಲೆಟ್ ಇಲ್ಲ. ಬಂಡೆ ಹಿಂದೆ ಹೋಗ್ಬೇಕು, ಸಣ್ಣ ಸಲಿಕೆ ಕೊಡ್ತಾರೆ, ಪೇಪರ್ ಅಲ್ಲೇ ಸುಟ್ಟು ಬರ್ಬೇಕು, ಅದಕ್ಕೆ ಲೈಟರ್ ಜೇಬಲ್ಲೇ ಇರ್ಲಿ. ಸ್ನಾನ ಇಲ್ಲ, ವೆಟ್ ವೈಪ್ಸ್ ಮತ್ತೆ ಒಂದು ಮಗ್ ಬಿಸಿನೀರು. ನೀರಿಗೆ ಅಲ್ಲಿ ಎಷ್ಟು ಬೆಲೆ ಅಂತ ಅರ್ಧ ದಿನದಲ್ಲೇ ಗೊತ್ತಾಗುತ್ತೆ, ಆಮೇಲೆ ನಾವೇ ಕಮ್ಮಿ ಬಳಸ್ತೀವಿ. ಪೀರಿಯಡ್ಸ್ ಡೇಟ್ ಲೆಕ್ಕ ಹಾಕಿ ಬುಕ್ ಮಾಡಿ, ಆಗ್ಲಿಲ್ಲ ಅಂದ್ರೂ ಹೆದರ್ಬೇಡಿ, ಮುಚ್ಚಳ ಇರೋ ಡಬ್ಬ ಒಂದು ತಗೊಂಡು ಹೋಗಿ ಕಸ ವಾಪಸ್ ತನ್ನಿ. ನಾನೊಬ್ಳೇ ಹೆಂಗಸು ಆ ಕ್ಯಾಂಪಲ್ಲಿ, ಒಂದು ಕ್ಷಣಾನೂ ಮುಜುಗರ ಆಗೋ ಹಾಗೆ ಯಾರೂ ನಡ್ಕೊಳ್ಲಿಲ್ಲ. ನಾನು ಎದ್ದು ಹೊರಟ್ರೆ ಮೂರೂ ಜನ ತಾವಾಗೇ ಬೇರೆ ಕಡೆ ತಿರುಗಿ ಕೂರೋರು.

ಎಸ್ಸೆಂದಿಲೆನ್ ಕಣಿವೆಯನ್ನೂ ಸೇರಿಸಿದ್ರು, ಕಣಗಿಲೆ ಪೊದೆಗಳ ನಡುವೆ ನಡ್ಕೊಂಡು ಹೋದ್ರೆ ಎರಡು ಬಂಡೆ ಗೋಡೆ ಹತ್ರ ಹತ್ರ ಬಂದು ಕೊನೇಲಿ ತಣ್ಣಗೆ ಹಸಿರು ನೀರು. ಮರಳಿಂದ ಬಂದ ಕಣ್ಣಿಗೆ ಅದು ಹಬ್ಬ. ಇನ್ನು ತಸ್ಸಿಲಿಯ ಮೇಲಿನ ಪ್ರಸ್ಥಭೂಮಿ, ಸೆಫಾರ್, ಜಬ್ಬಾರೆನ್, ಅಲ್ಲಿಗೆಲ್ಲಾ ಗಾಡಿ ಹೋಗಲ್ಲ, ಕತ್ತೆ ಮೇಲೆ ಸಾಮಾನು ಹಾಕಿ ಕಡಿದಾದ ಏರು ಹತ್ತಿ ದಿನಗಟ್ಟಲೆ ನಡೀಬೇಕು. ಅಲ್ಲಿ ತಾರೂತ್ ಅನ್ನೋ ಸೈಪ್ರೆಸ್ ಮರಗಳಿದಾವಂತೆ, ಇಡೀ ಜಗತ್ತಲ್ಲಿ ಉಳಿದಿರೋದೇ ಇನ್ನೂರು ಚಿಲ್ಲರೆ, ಕೆಲವಕ್ಕೆ 2,000 ವರ್ಷಕ್ಕಿಂತ ಹೆಚ್ಚು ವಯಸ್ಸು. ಈ ಸಲ ನಾವು ಅದನ್ನ ಸೇರಿಸಿರ್ಲಿಲ್ಲ, ಆದ್ರೆ ಮುಂದಿನ ಸಲಕ್ಕೆ ಅದೇ, ಗೈಡ್ ಕೂಡ ಅವ್ರೇ ಬೇಕು ಅಂತ ಈಗ್ಲೇ ಹೇಳಿಟ್ಟಿದೀವಿ.

ಕೊರತೆಗಳೂ ಇವೆ. ಕೊಟ್ಟ ಸ್ಲೀಪಿಂಗ್ ಬ್ಯಾಗ್ ಹಳೇ ವಾಸನೆ, ಹಾಸಿಗೆ ತೆಳು. ಚಳಿಗಾಲದ ರಾತ್ರಿ ಸೊನ್ನೆ ಡಿಗ್ರಿ ಹತ್ರ ಹೋಗುತ್ತೆ, ನಿಮ್ಮದೇ ಸ್ಲೀಪಿಂಗ್ ಬ್ಯಾಗ್ ಲೈನರ್, ಥರ್ಮಲ್ಸ್, ಉಣ್ಣೆ ಟೋಪಿ ಒಯ್ಯಿರಿ. ಫೋನ್ ಚಾರ್ಜ್ ಗಾಡಿ ಓಡೋವಾಗ ಮಾತ್ರ, ದೊಡ್ಡ ಪವರ್ ಬ್ಯಾಂಕ್ ಬೇಕೇ ಬೇಕು. ಚೆಕ್‌ಪೋಸ್ಟಲ್ಲಿ ಜೆಂಡರ್ಮರಿ ಪೊಲೀಸರು ಪೇಪರ್ ನೋಡ್ತಾರೆ, ಮರ್ಯಾದೆಯಿಂದಾನೇ ಮಾತಾಡ್ಸಿದ್ರು, ಆದ್ರೆ ಟೈಮ್ ಹಿಡಿಯುತ್ತೆ, ಪಾಸ್‌ಪೋರ್ಟ್ ಜೆರಾಕ್ಸ್ ಹತ್ತಿಪ್ಪತ್ತು ಇಟ್ಕೊಳ್ಳಿ, ಪೊಲೀಸರ ಫೋಟೋ, ಚೆಕ್‌ಪೋಸ್ಟ್ ಫೋಟೋ ತೆಗೀಬೇಡಿ. ಮತ್ತೆ ಏಜೆನ್ಸಿ ಇಮೇಲಿಗೆ ಉತ್ತರ ಕೊಡೋದು ನಿಧಾನ, ಗೈಡೇ ಮರುಭೂಮಿಯಲ್ಲಿದ್ರೆ ವಾರಗಟ್ಟಲೆ ಸುದ್ದಿ ಇರಲ್ಲ. ವಾಟ್ಸಾಪಲ್ಲಿ ಬೇಗ ಸಿಗ್ತಾರೆ.

ದುಡ್ಡು ಮರುಭೂಮಿ ಭಾಗಕ್ಕೆ ಒಬ್ರಿಗೆ ದಿನಕ್ಕೆ ನೂರು ಯೂರೋ ಆಸುಪಾಸು ಆಯ್ತು, ಗಾಡಿ, ಊಟ, ಟೆಂಟ್, ಪರ್ಮಿಟ್ ಎಲ್ಲಾ ಸೇರಿ. ಇಬ್ರೇ ಆದ್ರಿಂದ ಜಾಸ್ತಿ, ನಾಲ್ಕು ಜನ ಒಂದು ಗಾಡಿ ಹಂಚ್ಕೊಂಡ್ರೆ ಕಮ್ಮಿ ಆಗುತ್ತೆ. ನಮ್ಮ ಕಾರ್ಡ್ ಅಲ್ಲಿ ಕೆಲಸಕ್ಕೆ ಬರಲ್ಲ ಅಂತಾನೇ ಅಂದ್ಕೊಳ್ಳಿ, ಯೂರೋ ಕ್ಯಾಶ್ ಒಯ್ಯಿರಿ, ದಿನಾರ್ ಬೇಕಾದಷ್ಟೇ ಬದಲಾಯಿಸ್ಕೊಳ್ಳಿ, ಉಳಿದಿದ್ದನ್ನ ಮತ್ತೆ ಬದಲಾಯಿಸೋದು ತಲೆನೋವು. ಟಿಪ್ಸ್ ಎಷ್ಟು ಅಂತ ಏಜೆನ್ಸಿ ಹೇಳಲ್ಲ, ಕೇಳಿದ್ರೆ ನಿಮ್ಮಿಷ್ಟ ಅಂತಾರೆ. ನಾವು ಮೂರೂ ಜನಕ್ಕೆ ಬೇರೆ ಬೇರೆ ಕವರಲ್ಲಿ ಹಾಕಿ ಕೈಗೇ ಕೊಟ್ವಿ, ಒಬ್ರ ಕೈಗೆ ಕೊಟ್ಟು ಹಂಚ್ಕೊಳ್ಳಿ ಅನ್ಬೇಡಿ, ಅಡುಗೆಯವ್ರಿಗೆ ಕಮ್ಮಿ ಹೋಗೋ ಸಾಧ್ಯತೆ ಇರುತ್ತೆ, ನಿಜ ಹೇಳ್ಬೇಕಂದ್ರೆ ಜಾಸ್ತಿ ದುಡಿಯೋದು ಅವ್ರೇ.

ಹೋಗೋಕೆ ಸರಿಯಾದ ಸಮಯ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರ್ಗೆ, ಆಮೇಲೆ ಬಿಸಿಲು ತಡ್ಕೊಳ್ಳೋಕಾಗಲ್ಲ. ಡಿಸೆಂಬರ್ ಕೊನೇ ವಾರ ಮಾತ್ರ ಬಿಟ್ಬಿಡಿ, ಹೊಸ ವರ್ಷಕ್ಕೆ ಅಂತ ಅಲ್ಜಿಯರ್ಸ್ ಕಡೆಯಿಂದ ಜನ ತುಂಬಿ ಬರ್ತಾರೆ, ವಿಮಾನದ ಸೀಟೂ ಸಿಗಲ್ಲ, ದಿಬ್ಬದ ಮೇಲೂ ಗದ್ದಲ. ರಂಜಾನ್ ಯಾವಾಗ ಬರುತ್ತೆ ಅಂತಾನೂ ನೋಡ್ಕೊಳ್ಳಿ, ಉಪವಾಸ ಇರೋರ ಹತ್ರ ಇಡೀ ದಿನ ಅಡುಗೆ, ಗಾಡಿ ಓಡ್ಸೋದು ಮಾಡ್ಸೋಕೆ ನಮಗೇ ಮನಸ್ಸು ಬರಲ್ಲ. ಬುಕ್ ಮಾಡೋಕೆ ಮುಂಚೆ ಏಜೆನ್ಸಿಯನ್ನ ಎರಡೇ ಪ್ರಶ್ನೆ ಕೇಳಿ, ಗೈಡ್ ಜಾನೆಟ್ ಊರಿನವ್ರಾ, ಉತ್ತರದ ಭಾಗವನ್ನೂ ನಿಮ್ಮ ಜನಾನೇ ನೋಡ್ಕೊಳ್ತಾರಾ ಅಥವಾ ಬೇರೆಯವ್ರಿಗೆ ಕೊಡ್ತೀರಾ. ಬೇರೆಯವ್ರಿಗೆ ಅಂದ್ರೆ ಅಲ್ಜಿಯರ್ಸನ್ನ ಪ್ಯಾಕೇಜಿಂದ ತೆಗೆಸಿ, ಅಲ್ಲಿ ನೀವೇ ಹೋಟೆಲ್ ಮಾಡ್ಕೊಂಡು ಓಡಾಡಿ, ಉಳಿದ ದುಡ್ಡಲ್ಲಿ ತಾದ್ರಾರ್ತ್‌ನಲ್ಲಿ ಇನ್ನೊಂದೆರಡು ರಾತ್ರಿ ಸೇರಿಸ್ಕೊಳ್ಳಿ.